ಎಡವೋ ಬಲವೋ ಎಂಬುದಕ್ಕಿಂತ ಮೊದಲು: ಪಣಕ್ಕಿಟ್ಟದ್ದು ಎಷ್ಟು?

ಪ್ರಶ್ನೆ: ಮೂರು ವರ್ಷದಿಂದ ಲೇಸರ್ ದೋಣಿಯಲ್ಲಿ (ಒಬ್ಬರೇ ಓಡಿಸುವ ಹಾಯಿದೋಣಿ) ರೇಸ್ ಮಾಡುತ್ತಿದ್ದೇನೆ. ಅಭ್ಯಾಸದಲ್ಲಿ ಪಕ್ಕಪಕ್ಕದಲ್ಲೇ ಓಡಿಸಿದರೆ ಮುಂಚೂಣಿಯವರಷ್ಟೇ ವೇಗ ನನಗೂ ಇದೆ. ಸ್ಟಾರ್ಟ್ ಕೂಡ ಪರವಾಗಿಲ್ಲ. ಆದರೆ ಗಾಳಿಗೆದುರಾದ ಮೊದಲ ಲೆಗ್ (ರೇಸಿನ ಒಂದು ಹಂತ) ಮುಗಿಯುವಷ್ಟರಲ್ಲಿ ಹನ್ನೆರಡನೆಯವನೋ ಹದಿನೈದನೆಯವನೋ ಆಗಿರುತ್ತೇನೆ. ನಾನು ಎಡಕ್ಕೆ ಹೋದ ದಿನ ಬಲಕ್ಕೆ ಹೋದವರು ಮುಂದಿರುತ್ತಾರೆ, ಬಲಕ್ಕೆ ಹೋದ ದಿನ ಎಡದವರು. ಯಾವ ಬದಿಗೆ ಲಾಭ ಅಂತ ಮೊದಲೇ ತಿಳಿಯುವುದು ಹೇಗೆ? ಗಾಳಿ ತಿರುಗಿದಾಗಲೆಲ್ಲ ಟ್ಯಾಕ್ ಮಾಡಬೇಕೇ, ಅಂದರೆ ಮೂತಿಯನ್ನು ಗಾಳಿಗೆ ಅಡ್ಡ ದಾಟಿಸಿ ಇನ್ನೊಂದು ಓರೆಗೆ ತಿರುಗಿಸಬೇಕೇ? ಇನ್ನೊಂದು ವಿಷಯ: ಹೋದ ರೇಸಿನಲ್ಲಿ ಗಾಳಿ ಎಡಬದಿಯಿಂದ ತಾಗುವ ಪೋರ್ಟ್ ಟ್ಯಾಕ್‌ನಲ್ಲಿ ಬಂದು, ಮಾರ್ಕಿನ (ಸುತ್ತಬೇಕಾದ ಗುರುತು) ಹತ್ತಿರ, ಗಾಳಿ ಬಲಬದಿಯಿಂದ ತಾಗುವ ಸ್ಟಾರ್‌ಬೋರ್ಡ್‌ನವನೊಬ್ಬನ ಮುಂದೆ ತಿರುಗಿಸಿದೆ. ದೋಣಿಗೆ ದೋಣಿ ತಾಗಲಿಲ್ಲ, ಆದರೂ ಅವನು ಪ್ರೊಟೆಸ್ಟ್ (ನಿಯಮ ಮುರಿದೆ ಎಂಬ ದೂರು) ಎಂದು ಕೂಗಿದ. ತಪ್ಪು ನನ್ನದೇ?

ಉತ್ತರ: ಕಾಯಿಲೆ ಯಾವುದೆಂದು ನಿಮ್ಮ ಪ್ರಶ್ನೆಯೇ ಹೇಳುತ್ತಿದೆ. ‘ಎಡಕ್ಕೆ ಹೋದ ದಿನ’, ‘ಬಲಕ್ಕೆ ಹೋದ ದಿನ’ ಎಂದು ಬರೆದಿದ್ದೀರಿ. ಅಂದರೆ ಪ್ರತಿ ರೇಸಿನಲ್ಲೂ ನೀವು ಒಂದು ಬದಿಯನ್ನು ಹಿಡಿದು ಅದರ ಮೂಲೆಯವರೆಗೂ ಹೋಗುತ್ತಿದ್ದೀರಿ. ಬದಿ ಸರಿಯಾಗಿ ಬಿದ್ದ ದಿನ ಮೊದಲ ಐವರಲ್ಲಿ ಬಂದಿರಲೂಬಹುದು, ಆ ದಿನ ಯಾರೂ ಪತ್ರ ಬರೆಯುವುದಿಲ್ಲ. ಯಾವ ಬದಿ ಗೆಲ್ಲುತ್ತದೆ ಎಂದು ಮೊದಲೇ ಬಲ್ಲವರು ತೀರಾ ಕಡಿಮೆ. ನಿತ್ಯವೂ ಮುಂದೆ ಬರುವವರು ಬೇರೆ ಲೆಕ್ಕದಲ್ಲಿರುತ್ತಾರೆ: ಉಳಿದ ದೋಣಿಗಳಿಂದ ನಾನು ಅಡ್ಡಕ್ಕೆ ಎಷ್ಟು ದೂರ ಇದ್ದೇನೆ, ಅಷ್ಟು ದೂರ ಹೋಗಲು ನನ್ನ ಬಳಿ ಏನಾದರೂ ಕಾರಣ ಇದೆಯೇ?

ಇದನ್ನು ಅಂಕಿಯಲ್ಲೇ ನೋಡೋಣ. ಮಾರ್ಕು ನೇರ ಗಾಳಿಯ ದಿಕ್ಕಿನಲ್ಲಿ 1000 ಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. (‘ಮೇಲೆ’ ಎಂದರೆ ಗಾಳಿ ಬರುವ ಕಡೆ, ‘ಕೆಳಗೆ’ ಎಂದರೆ ಗಾಳಿ ಹೋಗುವ ಕಡೆ. ಉದ್ದಕ್ಕೂ ಹೀಗೇ ಬಳಸುತ್ತೇನೆ.) ದೋಣಿ ನೇರ ಗಾಳಿಗೆದುರು ಹೋಗಲಾರದು, ಗಾಳಿಗೆ 45 ಡಿಗ್ರಿ ಓರೆಯಾಗಿ ಏರುತ್ತದೆ. ಹಾಗಾಗಿ ಓಡಬೇಕಾದ ದೂರ ಸುಮಾರು 1414 ಮೀಟರ್. ಗಾಳಿ ಒಂಚೂರೂ ಅಲುಗದಿದ್ದರೆ ಎರಡೇ ಟ್ಯಾಕ್‌ನಲ್ಲಿ ಹೋಗಿ, ಹನ್ನೆರಡು ಟ್ಯಾಕ್ ಮಾಡಿ, ದೂರ ಅಷ್ಟೇ. ತಿರುಗಿಸುವಾಗ ಕಳೆದುಕೊಳ್ಳುವ ವೇಗ ಮಾತ್ರ ಬೇರೆ ಖರ್ಚು.

ಈಗ ನೀರಿನ ಮೇಲೆ ಗಾಳಿಗೆ ಅಡ್ಡಡ್ಡ ಗೆರೆಗಳನ್ನು ಎಳೆದಿದ್ದಾರೆ ಎಂದು ಕಲ್ಪಿಸಿಕೊಳ್ಳಿ, ಏಣಿಯ ಮೆಟ್ಟಿಲುಗಳ ಹಾಗೆ. ಒಂದೇ ಮೆಟ್ಟಿಲಲ್ಲಿ ಇರುವ ದೋಣಿಗಳು, ಒಂದು ಎಡ ತುದಿಯಲ್ಲಿ ಇನ್ನೊಂದು ಬಲ ತುದಿಯಲ್ಲಿ ಇದ್ದರೂ, ಸಮ. ಗಾಳಿ ತಿರುಗಿದರೆ ಈ ಏಣಿ ಪೂರ್ತಿಯಾಗಿ ತಿರುಗುತ್ತದೆ. ನೀವು ಎಡದಲ್ಲಿ, ನಿಮ್ಮ ಎದುರಾಳಿ ನಿಮಗಿಂತ 200 ಮೀಟರ್ ಬಲಕ್ಕೆ, ಇಬ್ಬರೂ ಸಮ. ಗಾಳಿ 10 ಡಿಗ್ರಿ ಬಲಕ್ಕೆ ತಿರುಗಿತು. ಯಾರೂ ಏನೂ ಮಾಡದೆಯೇ ಅವನು ಈಗ ನಿಮಗಿಂತ ಸುಮಾರು 35 ಮೀಟರ್ ಮೇಲಿದ್ದಾನೆ. ಆ 35 ಮೀಟರ್ ಏರಲು ನೀವು ಓರೆಯಾಗಿ ಓಡಬೇಕಾದದ್ದು ಸುಮಾರು 49 ಮೀಟರ್. ಲೇಸರಿನ ಉದ್ದ 4.23 ಮೀಟರ್, ಅಂದರೆ ಹನ್ನೊಂದೂವರೆ ದೋಣಿಯುದ್ದ.

ಇದರ ಪಕ್ಕದಲ್ಲಿ ವೇಗದ ಲೆಕ್ಕವನ್ನು ಇಡಿ. ಬೇರೆಯವರಿಗಿಂತ ನೂರಕ್ಕೆ ಒಂದು ಪಾಲು ಹೆಚ್ಚು ವೇಗ ಇರುವವನು ಇಡೀ ಲೆಗ್ಗಿನಲ್ಲಿ ಗಳಿಸುವುದು 14 ಮೀಟರ್. ಆ ಒಂದು ಪಾಲಿಗಾಗಿ ನಾವೆಲ್ಲ ಹಾಯಿಯ ಹಗ್ಗಗಳ ಜೊತೆ ತಿಂಗಳುಗಟ್ಟಲೆ ಗುದ್ದಾಡುತ್ತೇವೆ. ನೀವೋ ವೇಗ ಇಟ್ಟುಕೊಂಡೂ ಅದರ ಮೂರೂವರೆ ಪಟ್ಟನ್ನು ಒಂದೇ ತಿರುವಿನಲ್ಲಿ ಕೊಟ್ಟುಬಿಡುತ್ತಿದ್ದೀರಿ.

ಅದೇ 10 ಡಿಗ್ರಿ ತಿರುವು ಬಂದಾಗ ನಿಮ್ಮಿಬ್ಬರ ನಡುವಿನ ಅಡ್ಡ ಅಂತರ 20 ಮೀಟರ್ ಆಗಿದ್ದರೆ? ನಷ್ಟ 5 ಮೀಟರ್. ಒಂದು ದೋಣಿಯುದ್ದ ಮತ್ತು ಚೂರು. ಗಾಳಿ ಅದೇ, ತಿರುವು ಅದೇ. ನೀವು ಇಟ್ಟ ಪಣ ಮಾತ್ರ ಬೇರೆ. ಅಡ್ಡ ಅಂತರವೇ ಪಣ. 10 ಡಿಗ್ರಿಗೆ ಅಂತರದ ಕಾಲು ಭಾಗ, 5 ಡಿಗ್ರಿಗೆ ಎಂಟನೇ ಒಂದು ಭಾಗ ಕೈ ಬದಲಾಗುತ್ತದೆ ಎಂದು ನೆನಪಿಟ್ಟುಕೊಂಡರೆ ದೋಣಿಯಲ್ಲಿ ಕೂತೇ ಲೆಕ್ಕ ಹಾಕಬಹುದು. ನಿಮಗೆ ಗಾಳಿಯ ಬಗ್ಗೆ ಗಟ್ಟಿ ನಂಬಿಕೆ ಇದ್ದರೆ ಹೆಚ್ಚು ಇಡಿ. ಏನೂ ತಿಳಿಯದ ದಿನ ಗುಂಪಿನ ಹತ್ತಿರವೇ ಇರಿ. ಮೂಲೆಗೆ ಹೋಗುವುದೆಂದರೆ ಇದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದ ಹಾಗೆ.

ಹಾಗಾದರೆ ಗಾಳಿಯ ಬಗ್ಗೆ ನಂಬಿಕೆ ಎಲ್ಲಿಂದ ಬರಬೇಕು? ಸ್ಟಾರ್ಟಿಗೆ ಮುಂಚಿನ ಇಪ್ಪತ್ತು ನಿಮಿಷದಿಂದ. ಬಹಳ ಮಂದಿ ಆ ಹೊತ್ತನ್ನು ಹರಟೆಯಲ್ಲಿ ಕಳೆಯುತ್ತಾರೆ. (ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ.) ನೀವು ಎರಡೂ ಟ್ಯಾಕ್‌ನಲ್ಲಿ ಸರಿಯಾಗಿ ಎದುರುಗಾಳಿಗೆ ಓಡಿಸಿ, ಎರಡು ಮೂರು ನಿಮಿಷಕ್ಕೊಮ್ಮೆ ದಿಕ್ಸೂಚಿಯ ಅಂಕಿಯನ್ನು ಡೆಕ್ಕಿನ ಮೇಲೆ ಮೇಣದ ಪೆನ್ಸಿಲಿನಲ್ಲಿ ಗೀಚಿಕೊಳ್ಳಿ. ಉದಾಹರಣೆಗೆ ಸ್ಟಾರ್‌ಬೋರ್ಡ್‌ನಲ್ಲಿ 190, 198, 202, 194, 190 ಎಂದು ಬಂತು. ಪೋರ್ಟ್‌ನಲ್ಲಿ 280ರಿಂದ 292ರ ನಡುವೆ. ಮಧ್ಯದ ಅಂಕಿಗಳು 196 ಮತ್ತು 286. ಇವೆರಡು ಅಂಕಿ ಇದ್ದರೆ ಅರ್ಧ ರೇಸ್ ನಿಮ್ಮ ಕಣ್ಣ ಮುಂದಿದೆ.

ಸ್ಟಾರ್‌ಬೋರ್ಡ್‌ನಲ್ಲಿ ಅಂಕಿ 196ಕ್ಕಿಂತ ಮೇಲಿದ್ದರೆ ಗಾಳಿ ನಿಮ್ಮನ್ನು ಎತ್ತುತ್ತಿದೆ. ಮೂತಿ ಮಾರ್ಕಿನ ಕಡೆಗೆ ಹೆಚ್ಚು ತಿರುಗಿದೆ, ಇದು ಲಿಫ್ಟ್. ಕೆಳಗಿಳಿದರೆ ತಳ್ಳುತ್ತಿದೆ, ಹೆಡರ್. ಪೋರ್ಟ್‌ನಲ್ಲಿ ಇದು ತಿರುಗುಮುರುಗು: ಅಂಕಿ ಇಳಿದರೆ ಲಿಫ್ಟ್, ಏರಿದರೆ ಹೆಡರ್. ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ಗಾಳಿ ತಿರುಗಿದಾಗಲೆಲ್ಲ ಟ್ಯಾಕ್ ಮಾಡಬೇಡಿ, ಮಧ್ಯದ ಅಂಕಿಯನ್ನು ದಾಟಿ ಹೆಡರ್ ಆದಾಗ ಮಾಡಿ. 202ರಲ್ಲಿ ಓಡುತ್ತಿದ್ದವರಿಗೆ 198 ಬಂದರೆ ಮೂತಿ ಕೆಳಗೆ ಬಿದ್ದಂತೆ ಅನಿಸುತ್ತದೆ, ಕೈ ಟಿಲ್ಲರ್ (ಚುಕ್ಕಾಣಿಯ ಹಿಡಿ) ಕಡೆ ಹೋಗುತ್ತದೆ. ಆದರೆ 198 ಇನ್ನೂ ಲಿಫ್ಟೇ. ಅಲ್ಲಿ ತಿರುಗಿಸಿದವನು ಒಳ್ಳೆಯ ಟ್ಯಾಕ್ ಬಿಟ್ಟು ಕೆಟ್ಟದ್ದಕ್ಕೆ ಹೋದ, ಅದರ ಜೊತೆಗೆ ಟ್ಯಾಕಿನ ಖರ್ಚು ಒಂದೆರಡು ದೋಣಿಯುದ್ದ. 192 ಬಂದಾಗ ತಿರುಗಿಸಿದರೆ ಪೋರ್ಟ್‌ನಲ್ಲಿ ನಿಮಗೆ 282 ಸಿಗುತ್ತದೆ, ಮಧ್ಯದ 286ಕ್ಕಿಂತ ನಾಲ್ಕು ಡಿಗ್ರಿ ಒಳ್ಳೆಯದು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ಅದು ಹೀಗೆ.

ದಿಕ್ಸೂಚಿ ಇಲ್ಲದಿದ್ದರೆ ತೀರದ ಮೇಲಿನ ಗುರುತನ್ನೋ, ನಿಮ್ಮ ಮೇಲೆ ಕೆಳಗೆ ಇರುವ ದೋಣಿಗಳ ಕೋನವನ್ನೋ ನೋಡಿ. ಕೆಲಸ ನಡೆಯುತ್ತದೆ, ಆದರೆ ಅಂಕಿಯಷ್ಟು ನಿಷ್ಠುರವಾಗಿ ಅವು ನಿಮ್ಮನ್ನು ತಿದ್ದುವುದಿಲ್ಲ.

ಇಲ್ಲಿ ಎರಡು ಕಡೆ ಜನ ಬೀಳುತ್ತಾರೆ. ಎರಡನ್ನೂ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು, ಸುಳ್ಳು ಹೆಡರ್. ದೋಣಿಗೆ ತಾಗುವ ಗಾಳಿ ನಿಜವಾದ ಗಾಳಿ ಮತ್ತು ನಮ್ಮ ಓಟದಿಂದ ಹುಟ್ಟುವ ಗಾಳಿ ಎರಡೂ ಸೇರಿದ್ದು. 10 ನಾಟ್ ಗಾಳಿಯಲ್ಲಿ 5 ನಾಟ್ ವೇಗದಲ್ಲಿದ್ದೀರಿ. ಗಾಳಿ ಥಟ್ಟನೆ 7 ನಾಟ್‌ಗೆ ಬಿತ್ತು, ದಿಕ್ಕು ಬದಲಾಗಿಲ್ಲ. ದೋಣಿ ಮಾತ್ರ ಓಡಿದ ಭರದಲ್ಲಿ ಇನ್ನೂ 5 ನಾಟ್‌ನಲ್ಲೇ ಇದೆ. ಆ ಕ್ಷಣ ತಾಗುವ ಗಾಳಿ ಸುಮಾರು 4 ಡಿಗ್ರಿ ಮೂತಿಯ ಕಡೆಗೆ ಸರಿಯುತ್ತದೆ. ಹಾಯಿಯ ಮುಂಚು ಪಟಪಟ ಎನ್ನುತ್ತದೆ, ಹಾಯಿಗೆ ಅಂಟಿಸಿದ ದಾರವಾದ ಟೆಲ್‌ಟೇಲ್ ಎದ್ದು ಕುಣಿಯುತ್ತದೆ. ಹೆಡರ್ ಬಂತೆಂದು ತಿರುಗಿಸಿದಿರೋ, ಗಾಳಿಯೇ ಇಲ್ಲದ ಜಾಗದಲ್ಲಿ ಟ್ಯಾಕ್ ಮಾಡಿ ನಿಂತೇಬಿಟ್ಟಿರಿ. ಇದನ್ನು ಗುರುತಿಸುವುದು ಸೊಂಟದಿಂದ: ಹೊರಗೆ ವಾಲಿ ಕೂತಿದ್ದ ನಿಮ್ಮ ಕೆಳಗೆ ದೋಣಿ ಇದ್ದಕ್ಕಿದ್ದಂತೆ ನೆಟ್ಟಗಾಗುತ್ತದೆ, ಬೆನ್ನು ನೀರಿಗೆ ತಾಗುವಂತಾಗುತ್ತದೆ. ಹಾಯಿ ಪಟಪಟಿಸುವುದೂ ಭಾರ ತಪ್ಪುವುದೂ ಒಟ್ಟಿಗೇ ಆದರೆ ಅದು ಗಾಳಿ ಬಿದ್ದದ್ದು. ಮೈ ಒಳಗೆ ತನ್ನಿ, ಶೀಟ್ (ಹಾಯಿಯನ್ನು ಎಳೆದು ಹಿಡಿಯುವ ಹಗ್ಗ) ಒಂದಿಷ್ಟು ಸಡಿಲಿಸಿ, ಐದಾರು ಸೆಕೆಂಡ್ ಕಾಯಿರಿ. ದೋಣಿಯ ವೇಗ ಇಳಿದ ಮೇಲೂ ಅಂಕಿ ಕೆಳಗೇ ನಿಂತಿದ್ದರೆ ಆಮೇಲೆ ಯೋಚಿಸಿ. ಗಾಳಿ ಬೀಸಿ ಬಂದಾಗ ಇದರ ಉಲ್ಟಾ ಆಗುತ್ತದೆ, ಒಂದು ಕ್ಷಣ ಲಿಫ್ಟ್ ಬಂದಂತೆ ಕಾಣುತ್ತದೆ. ಅದಕ್ಕೂ ಮರುಳಾಗಬೇಡಿ.

ಎರಡನೆಯದು ಹೆಚ್ಚು ದುಬಾರಿ. ಮೇಲೆ ಹೇಳಿದ ಹೆಡರ್ ಸೂತ್ರ ನಡೆಯುವುದು ಗಾಳಿ ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತಿರುವಾಗ ಮಾತ್ರ. ಕೆಲವು ದಿನ ಅದು ತೂಗುವುದಿಲ್ಲ, ಒಂದೇ ಕಡೆಗೆ ನಡೆಯುತ್ತಾ ಹೋಗುತ್ತದೆ. ಉತ್ತರ ಗೋಳಾರ್ಧದಲ್ಲಿ ಮಧ್ಯಾಹ್ನದ ಕಡಲಗಾಳಿ ಭೂಮಿಯ ಸುತ್ತಾಟದ ಕಾರಣದಿಂದ ಹೊತ್ತು ಕಳೆದಂತೆ ಬಲಕ್ಕೆ ಹೊರಳುವುದು ಇದಕ್ಕೆ ಚೆನ್ನಾದ ಉದಾಹರಣೆ. ಆಗ ಸ್ಟಾರ್‌ಬೋರ್ಡ್‌ನಲ್ಲಿ ನಿಮಗೆ 198, 202, 205, 209 ಎಂದು ಅಂಕಿ ಏರುತ್ತಲೇ ಇರುತ್ತದೆ. ಲಿಫ್ಟ್ ಮೇಲೆ ಲಿಫ್ಟ್! ಸೂತ್ರ ಹೇಳುತ್ತದೆ, ಹಾಗೇ ಇರು ಎಂದು. ಹಾಗೇ ಇದ್ದವನು ದೊಡ್ಡ ಬಿಲ್ಲಿನ ಹೊರ ಅಂಚಿನಲ್ಲಿ ಓಡುತ್ತಿದ್ದಾನೆ. ಬಲಕ್ಕೆ ಮೊದಲೇ ಹೋಗಿ, ಪೋರ್ಟ್‌ನಲ್ಲಿ ಮೂತಿ ಕೆಟ್ಟದಾಗಿ ಕಂಡರೂ ಹಲ್ಲುಕಚ್ಚಿ ಕೂತು, ಆಮೇಲೆ ತಿರುಗಿಸಿದವನು ಒಳ ಅಂಚಿನಿಂದ ನೇರ ಮಾರ್ಕಿಗೆ ಹೋಗುತ್ತಾನೆ. ಗುರುತು ಏನೆಂದರೆ, ಸ್ಟಾರ್ಟಿಗೆ ಮುಂಚೆ ಬರೆದುಕೊಂಡ ಅಂಕಿಗಳ ಗಡಿಯನ್ನು ದಾಟಿ ಹೊಸ ಅಂಕಿ ಬರುವುದು. ಒಮ್ಮೆ ಬಂದರೆ ಅನುಮಾನ, ಎರಡನೇ ಸಲ ಬಂದು ಅಲ್ಲೇ ನಿಂತರೆ ಆ ಕಡೆಗೆ ಹೋಗಲು ಇನ್ನು ಕಾಯಬಾರದು.

ಲಿಫ್ಟ್ ಬಗ್ಗೆ ಇನ್ನೊಂದು ಭ್ರಮೆ ಇದೆ, ಅದನ್ನು ಒಡೆಯಲೇಬೇಕು. ಸ್ಟಾರ್‌ಬೋರ್ಡ್‌ನಲ್ಲಿ ಐದು ದೋಣಿ ಸಾಲಾಗಿ ಓಡುತ್ತಿವೆ, ನೀವು ಎಲ್ಲರಿಗಿಂತ ಕೆಳಗೆ, ಎಡದಲ್ಲಿ. ದೊಡ್ಡ ಲಿಫ್ಟ್ ಬಂತು. ನಿಮ್ಮ ಮೂತಿ ಮಾರ್ಕಿಗೆ ನೇರವಾಯಿತು, ಖುಷಿಯಾಯಿತು. ತಲೆ ತಿರುಗಿಸಿ ನೋಡಿ: ಬಲದಲ್ಲಿರುವ ನಾಲ್ಕೂ ದೋಣಿಗಳು ನಿಮಗಿಂತ ಮೇಲಿನ ಮೆಟ್ಟಿಲಿಗೆ ಹೋಗಿವೆ. ಲಿಫ್ಟ್ ಲಾಭ ಕೊಡುವುದು ಮೇಲಿರುವವನಿಗೆ, ಹೆಡರ್ ಲಾಭ ಕೊಡುವುದು ಕೆಳಗೆ ಮುಂದಿರುವವನಿಗೆ. ಹೆಡರ್ ಬಂದಾಗ ಮುಖ ಸಿಂಡರಿಸುವವರು ಬಹಳ. ಆದರೆ ಗುಂಪಿನ ಎಡಗೆಳಗೆ ಇದ್ದು, ಸ್ಟಾರ್‌ಬೋರ್ಡ್‌ನಲ್ಲಿ ಹೆಡರ್ ಪಡೆದವನೇ ಆ ಕ್ಷಣದ ಧಣಿ. ತಿರುಗಿಸಿದರೆ ಎಲ್ಲರ ಮೂತಿಯ ಮುಂದೆ ದಾಟಿ ಹೋಗುತ್ತಾನೆ.

ದಾಟಿ ಹೋಗಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಒಮ್ಮೆ ಮೂವತ್ತು ಚಿಲ್ಲರೆ ದೋಣಿಗಳ ರೇಸಿನಲ್ಲಿ ನನಗೆ ಎಡದಿಂದ ಅಂಥದೊಂದು ಹೆಡರ್ ಸಿಕ್ಕಿತು. ಆಗಲೇ ತಿರುಗಿಸಿದ್ದರೆ ಎಲ್ಲರಿಗಿಂತ ಆರು ದೋಣಿಯುದ್ದ ಮುಂದೆ. ಇನ್ನಷ್ಟು ಎಡಕ್ಕೆ ಹೋದರೆ ಇನ್ನಷ್ಟು ಸಿಗುತ್ತದೆ ಎಂಬ ಆಸೆ. ಎರಡು ನಿಮಿಷ ಹೋದೆ. ಗಾಳಿ ವಾಪಸ್ ಬಲಕ್ಕೆ ತೂಗಿತು, ಏಣಿ ತಿರುಗಿತು, ಅಡ್ಡ ಅಂತರವನ್ನು ನಾನೇ ಹೆಚ್ಚಿಸಿಕೊಂಡಿದ್ದರಿಂದ ಪಡೆದದ್ದಕ್ಕಿಂತ ಹೆಚ್ಚು ಕೊಟ್ಟೆ. ಮಾರ್ಕ್ ಸುತ್ತಿದಾಗ ಹದಿನೆಂಟನೆಯವನು. ಏಣಿಯ ಲಾಭ ಕಾಗದದ ಮೇಲಿನ ಲಾಭ. ಬೇರೆಯವರ ಮುಂದೆ ಹಾದು, ಅವರ ನೇರ ಮೇಲೆ ಬಂದು ಕೂತಾಗ ಅಡ್ಡ ಅಂತರ ಇಲ್ಲವಾಗುತ್ತದೆ. ಆಮೇಲೆ ಗಾಳಿ ಎತ್ತ ತಿರುಗಿದರೂ ಅದನ್ನು ಯಾರೂ ಕಿತ್ತುಕೊಳ್ಳಲಾರರು.

ಮುಂದಿರುವವನು ಹಿಂದಿನವನನ್ನು ‘ಕವರ್’ ಮಾಡುವುದು ಎಂದರೆ ಇದೇ. 1983ರ ಅಮೆರಿಕಾಸ್ ಕಪ್ (ಹಾಯಿದೋಣಿಗಳ ಹೆಸರಾಂತ ಸ್ಪರ್ಧೆ) ಪಂದ್ಯದ ಏಳನೇ, ನಿರ್ಣಾಯಕ ರೇಸಿನಲ್ಲಿ ಮುಂದಿದ್ದ ಅಮೆರಿಕದ ದೋಣಿ ಲಿಬರ್ಟಿ, ಗಾಳಿಯ ಜೊತೆ ಇಳಿಯುವ ಲೆಗ್ಗಿನಲ್ಲಿ ಆಸ್ಟ್ರೇಲಿಯಾ 2ರಿಂದ ಬೇರೆಯಾಗಿ ಹೋಗಿ ಮುನ್ನಡೆ ಕಳೆದುಕೊಂಡಿತು. ಕೊನೆಯ ಎದುರುಗಾಳಿ ಲೆಗ್ಗಿನಲ್ಲಿ ಲಿಬರ್ಟಿ ಟ್ಯಾಕ್ ಮೇಲೆ ಟ್ಯಾಕ್ ಮಾಡಿ ತಪ್ಪಿಸಿಕೊಳ್ಳಲು ನೋಡಿದರೂ ಆಸ್ಟ್ರೇಲಿಯಾ 2 ಬಿಡದೆ ಜೊತೆಗೇ ತಿರುಗುತ್ತಾ 41 ಸೆಕೆಂಡಿನಿಂದ ಗೆದ್ದಿತು. 132 ವರ್ಷ ಅಮೆರಿಕದ ಕೈಯಲ್ಲಿದ್ದ ಕಪ್ ಹೋಯಿತು. ನಿಮ್ಮದೇ ದೋಣಿಯ ಉದಾಹರಣೆ ಬೇಕಿದ್ದರೆ 2000ದ ಸಿಡ್ನಿ ಒಲಿಂಪಿಕ್ಸ್: ಲೇಸರಿನ ಕೊನೆಯ ರೇಸಿನಲ್ಲಿ ಬ್ರಿಟನ್ನಿನ ಬೆನ್ ಐನ್ಸ್‌ಲಿ ರೇಸ್ ಗೆಲ್ಲುವ ಗೋಜಿಗೇ ಹೋಗದೆ ಚಿನ್ನಕ್ಕೆ ಎದುರಾಳಿಯಾಗಿದ್ದ ಬ್ರೆಜಿಲಿನ ರಾಬರ್ಟ್ ಶೈಟ್ ಒಬ್ಬರನ್ನೇ ಹಿಡಿದಿಟ್ಟು ಚಿನ್ನ ಪಡೆದರು. ನೋಡಲು ಚೆಂದವಿಲ್ಲದ ಆಟ, ಆದರೆ ಲೆಕ್ಕ ಪಕ್ಕಾ.

ಏನೂ ತಿಳಿಯದ ದಿನಕ್ಕೆ ಒಂದು ಊರುಗೋಲು: ಉದ್ದದ ಟ್ಯಾಕನ್ನು ಮೊದಲು ಮುಗಿಸಿ. ಈಗಿರುವ ಜಾಗದಿಂದ ಮಾರ್ಕಿಗೆ ಸ್ಟಾರ್‌ಬೋರ್ಡ್‌ನಲ್ಲಿ ಹೆಚ್ಚು, ಪೋರ್ಟ್‌ನಲ್ಲಿ ಕಡಿಮೆ ಓಡಬೇಕಿದ್ದರೆ ಸ್ಟಾರ್‌ಬೋರ್ಡ್ ಹಿಡಿಯಿರಿ. ಮೂತಿ ಮಾರ್ಕಿಗೆ ಹೆಚ್ಚು ಹತ್ತಿರವಾಗಿ ತೋರಿಸುವ ಟ್ಯಾಕ್ ಯಾವುದೋ ಅದೇ ಉದ್ದದ್ದು. ಇದು ತಾನಾಗಿಯೇ ನಿಮ್ಮನ್ನು ನಡುವಿಗೆ ತರುತ್ತದೆ, ಲೇಲೈನಿನಿಂದ ದೂರ ಇಡುತ್ತದೆ. ಲೇಲೈನ್ ಎಂದರೆ ಇನ್ನು ಟ್ಯಾಕ್ ಮಾಡದೆ ಮಾರ್ಕ್ ಮುಟ್ಟಬಹುದಾದ ಗೆರೆ. ದೂರದಲ್ಲೇ ಅದನ್ನು ಹಿಡಿದವನಿಗೆ ಆಯ್ಕೆ ಉಳಿದಿಲ್ಲ. ಲಿಫ್ಟ್ ಬಂದರೆ ಮಾರ್ಕಿಗಿಂತ ಮೇಲೆ ಬಂದು ದಂಡಕ್ಕೆ ಓಡಿದಂತಾಯಿತು. ಹೆಡರ್ ಬಂದರೆ ಒಳಗಿರುವವರು ಮುಂದಾದರು. ಯಾರೋ ಬಂದು ಮುಂದೆಯೇ ತಿರುಗಿಸಿ ಕೂತರೆ ಮಾರ್ಕಿನವರೆಗೂ ಅವರ ಹಾಯಿಯ ಕದಡಿದ ಗಾಳಿಯನ್ನೇ ಕುಡಿಯಬೇಕು. ಕೊನೆಯ ಕಾಲು ಭಾಗದವರೆಗೆ ಲೇಲೈನಿಗೆ ಹೋಗಬೇಡಿ.

ನೀರಿನ ಸೆಳೆತದ ಬಗ್ಗೆ ನೀವು ಕೇಳಿಲ್ಲ, ಒಂದೇ ಮಾತು: ಎಲ್ಲ ಕಡೆ ಒಂದೇ ಸಮ ಇರುವ ಸೆಳೆತ ಎಲ್ಲರನ್ನೂ ಒಟ್ಟಿಗೇ ಒಯ್ಯುತ್ತದೆ, ಬದಿ ಆರಿಸುವಾಗ ಅದನ್ನು ಮರೆಯಬಹುದು. ಒಂದು ಬದಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದಾಗ ಮಾತ್ರ ಅದು ತಂತ್ರದ ವಿಷಯ.

ಗುಂಪಿನಲ್ಲಿ ಓಡಿಸುವಾಗ ಎದುರಿನ ದೋಣಿಯೊಂದಿಗೆ ಏನು ಮಾಡಬೇಕೆಂಬುದು ನಿಮಗೆ ತೊಡಕಾಗಿರಬಹುದು. ನೀವು ಪೋರ್ಟ್‌ನಲ್ಲಿ, ಬಲಕ್ಕೆ ಹೋಗುವ ಒಳ್ಳೆಯ ಕಾರಣ ಇದೆ, ಒಬ್ಬ ಸ್ಟಾರ್‌ಬೋರ್ಡ್‌ನಲ್ಲಿ ಅಡ್ಡ ಬರುತ್ತಿದ್ದಾನೆ. ಹಾಯಿದೋಣಿ ರೇಸಿನ ನಿಯಮ 10ರ ಪ್ರಕಾರ ದಾರಿ ಅವನದು. ದಾಟಲು ಆಗುವುದಿಲ್ಲ. ಹೆಚ್ಚಿನವರು ಗಾಬರಿಯಾಗಿ ಅವನ ಮೂತಿಯ ಕೆಳಗೆ ಟ್ಯಾಕ್ ಮಾಡುತ್ತಾರೆ, ಒಂದೇ ಏಟಿಗೆ ಬೇಡದ ಬದಿಗೆ ಹೊರಟುಬಿಡುತ್ತಾರೆ. ಅವನ ಹಿಂದಿನಿಂದ ಹಾಯಿರಿ. ಮೂರು ದೋಣಿಯುದ್ದ ಇರುವಾಗಲೇ ಶೀಟ್ ಒಂದು ಮೊಳ ಬಿಟ್ಟು, ಟಿಲ್ಲರನ್ನು ಮೆತ್ತಗೆ ಎಳೆದು, ಅವನ ಹಿಂಭಾಗಕ್ಕೆ ಗುರಿಯಿಡಿ. ದೋಣಿ ವೇಗ ಹಿಡಿಯುತ್ತದೆ. ಅವನ ಚುಕ್ಕಾಣಿಯ ಪಕ್ಕ ನಿಮ್ಮ ಮೂತಿ ಬರುವಷ್ಟರಲ್ಲಿ ಶೀಟ್ ಪೂರ್ತಿ ಒಳಗೆ, ದೋಣಿ ಮತ್ತೆ ಎದುರುಗಾಳಿಯ ಕೋನದಲ್ಲಿ ಇರಬೇಕು. ಸರಿಯಾಗಿ ಮಾಡಿದರೆ ನಷ್ಟ ಒಂದು ದೋಣಿಯುದ್ದಕ್ಕಿಂತ ಕಡಿಮೆ. ಕೊನೆಯ ಗಳಿಗೆಯಲ್ಲಿ ಟಿಲ್ಲರ್ ಜಗ್ಗಿದರೆ ಅದರ ಮೂರರಷ್ಟು. ಕೆಲವೊಮ್ಮೆ ಸ್ಟಾರ್‌ಬೋರ್ಡ್‌ನವನೇ ‘ಹೋಗಿ ಹೋಗಿ’ ಎಂದು ಕೈ ಬೀಸುತ್ತಾನೆ. ಅದು ಸೌಜನ್ಯವಲ್ಲ, ನೀವು ಅವನ ಮೂತಿಯ ಕೆಳಗೆ ತಿರುಗಿಸಿ ಅವನ ಗಾಳಿ ಕೆಡಿಸುವುದು ಅವನಿಗೆ ಬೇಕಿಲ್ಲ, ಅಷ್ಟೆ.

ಈಗ ಮಾರ್ಕಿನ ಹತ್ತಿರದ ಪ್ರೊಟೆಸ್ಟ್. ದೋಣಿ ತಾಗಲಿಲ್ಲ ಎಂಬುದು ನಿಮ್ಮನ್ನು ಉಳಿಸುವುದಿಲ್ಲ. ಮಾರ್ಕನ್ನು ಎಡಕ್ಕೆ ಬಿಟ್ಟು ಸುತ್ತುವ ರೇಸ್ ಇದಾಗಿದ್ದರೆ ಅನ್ವಯವಾಗುವುದು ನಿಯಮ 18.3. ಮಾರ್ಕಿನ ಸುತ್ತ ಮೂರು ದೋಣಿಯುದ್ದದ ವಲಯ, ಲೇಸರಿಗಾದರೆ ಸುಮಾರು 12.7 ಮೀಟರ್. ಆ ವಲಯದೊಳಗೆ ನೀವು ಪೋರ್ಟ್‌ನಿಂದ ಸ್ಟಾರ್‌ಬೋರ್ಡ್‌ಗೆ ತಿರುಗಿ, ಇನ್ನು ಟ್ಯಾಕ್ ಮಾಡದೆ ಮಾರ್ಕ್ ದಾಟುವಂತಿದ್ದರೆ, ವಲಯಕ್ಕೆ ಬಂದಾಗಿನಿಂದ ಸ್ಟಾರ್‌ಬೋರ್ಡ್‌ನಲ್ಲೇ ಇರುವ ದೋಣಿ ನಿಮ್ಮನ್ನು ತಪ್ಪಿಸಲು ತನ್ನ ಎದುರುಗಾಳಿ ಕೋನಕ್ಕಿಂತ ಮೇಲಕ್ಕೆ ಮೂತಿ ತಿರುಗಿಸುವಂತೆ ಮಾಡಬಾರದು. ಅವನು ಒಳಬದಿಗೆ ಬಂದು ನಿಮ್ಮ ಪಕ್ಕವಾದರೆ ಅವನಿಗೆ ಮಾರ್ಕಿನಲ್ಲಿ ಜಾಗವನ್ನೂ ಬಿಡಬೇಕು. ಅವನು ಮೂತಿ ಮೇಲೆತ್ತಿ ತಪ್ಪಿಸಿಕೊಂಡಿದ್ದರೆ ತಪ್ಪು ನಿಮ್ಮದೇ, ಅಲ್ಲೇ ಬದಿಗೆ ಸರಿದು ದಂಡವಾಗಿ ದೋಣಿಯನ್ನು ಎರಡು ಸುತ್ತು ತಿರುಗಿಸಬೇಕಿತ್ತು. ನೀವು ತಿರುಗಿಸಿದ್ದು ವಲಯದ ಹೊರಗಾದರೆ 18.3 ಬರುವುದಿಲ್ಲ, ನಿಯಮ 13 ಬರುತ್ತದೆ: ಟ್ಯಾಕ್ ಮಾಡುತ್ತಾ ಮೂತಿ ಗಾಳಿಯನ್ನು ದಾಟಿದ ಮೇಲೆ ಎದುರುಗಾಳಿ ಕೋನಕ್ಕೆ ಬಂದು ನಿಲ್ಲುವವರೆಗೆ ದೂರ ಇರಬೇಕಾದವರು ನೀವು. ಆ ಕೋನಕ್ಕೆ ಬಂದ ಮೇಲೆ ಅವನು ತಪ್ಪಿಸಿಕೊಳ್ಳಲು ಶುರುಮಾಡಿದರೂ ಸಾಕಾಗುವಷ್ಟು ಜಾಗ ಇದ್ದಿದ್ದರೆ ನೀವು ಸರಿ.

ಮುಂದಿನ ಸಲ ಪೋರ್ಟ್‌ನಲ್ಲಿ ಬರುವುದಾದರೆ ಮಾರ್ಕಿಗಿಂತ ಏಳೆಂಟು ದೋಣಿಯುದ್ದ ಕೆಳಗೆ ಸ್ಟಾರ್‌ಬೋರ್ಡ್ ಸಾಲನ್ನು ಸೇರುವಂತೆ ಬನ್ನಿ. ಅಲ್ಲಿ ಸಾಲಿನ ನಡುವೆ ಸಂದು ಇರುತ್ತದೆ. ಸಂದು ಕಾಣದಿದ್ದರೆ ಇಬ್ಬರ ಹಿಂದಿನಿಂದ ಹಾದು, ಸಾಲಿಗಿಂತ ಅರ್ಧ ದೋಣಿಯುದ್ದ ಮೇಲೆ ತಿರುಗಿಸಿ.